ಸವೆದ ಶೂ, ನಿಂತುಹೋದ ವಾಕಿಂಗ್

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ನನ್ನ ಹತ್ತಿರ ಸಲಹೆಗೆ ಬಂದ ಆ ತಾಯಿಗೆ 57 ವರ್ಷ. ಮೈಸೂರಿನವರು. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಗ ಕರೆದುಕೊಂಡು ಬಂದಿದ್ದ. ಕೂತ ಕೂಡಲೇ ಅವನೇ ಮಾತು ಶುರು ಮಾಡಿದ.

“ಹರಿದ ಶೂ ಎಸೆಯೋಕೆ ಬಿಡ್ತಿಲ್ಲ ಮೇಡಂ. ಹೊಸದು ತಂದುಕೊಟ್ಟೆ, ಡಬ್ಬಿ ಕೂಡ ಬಿಚ್ಚಿಲ್ಲ. ಕಸದ ಗಾಡಿಗೆ ಹಾಕಿದ್ರೆ ಹಿಂದೆ ಓಡಿಹೋಗಿ ವಾಪಸ್ ತಂದ್ರು. ಈಗ ಎಲ್ಲಿ ಬಚ್ಚಿಟ್ಟಿದಾರೋ ಗೊತ್ತಿಲ್ಲ.”

ವಸ್ತುಗಳನ್ನು ಕೂಡಿಡುವ ಕಾಯಿಲೆ ಬಗ್ಗೆ ಫೋನಿನಲ್ಲಿ ಓದಿದ್ದನಂತೆ. ಅಮ್ಮನಿಗೂ ಅದೇ ಇರಬೇಕು ಅನ್ನೋದು ಅವನ ಅನುಮಾನ. ಅಮ್ಮ ಒಂದು ಮಾತೂ ಆಡಲಿಲ್ಲ. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ.

ಆಮೇಲೆ ಅವರು ಮಾತಾಡಿದರು. “ಮದುವೆ ಆದಾಗಿನಿಂದ ನನ್ನ ಚಪ್ಪಲೀನೂ ಮನೆಯವರೇ ತರ್ತಿದ್ರು. ಅಳತೆಗೆ ಅಂತ ಹಳೇದನ್ನ ಕವರಲ್ಲಿ ಹಾಕ್ಕೊಂಡು ಹೋಗೋರು. ನಾನು ಅಂಗಡಿಗೆ ಹೋಗಿ ಕಾಲು ಚಾಚಿ ಕೂತು ಕೊಂಡಿದ್ದು ಇದೊಂದೇ.”

ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ ಮೇಲೆ, ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡಲ್ಲಿ ದೇವರಾಜ ಅರಸು ರಸ್ತೆಗೆ ಒಬ್ಬರೇ ಹೋಗಿ ಕೊಂಡಿದ್ದರು. ಸೀರೆ ಉಟ್ಟು ಶೂ ಹಾಕಿದ್ದಕ್ಕೆ ಬೀದಿಯಲ್ಲಿ ನಕ್ಕವರಿದ್ದರು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಮಾತ್ರ ಯಾರೂ ನಗಲಿಲ್ಲ. ಅಲ್ಲಿ ನಾಲ್ಕು ಜನ ಗೆಳತಿಯರಾದರು. ಆ ಒಂದು ಗಂಟೆ “ಕಾಫಿ ಆಯ್ತಾ?” ಅಂತ ಯಾರೂ ಕೇಳುವುದಿಲ್ಲ. ಅಟ್ಟೆ ಬಿಟ್ಟಾಗ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಸಲ ಹೊಲಿಸಿದ್ದಾರೆ. ಮೂರನೇ ಸಲ “ಇನ್ನು ಆಗಲ್ಲಮ್ಮ” ಅಂದರಂತೆ.

ಇದು ಕೂಡಿಡುವ ಕಾಯಿಲೆ ಅಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಬೇರೆಯದೇ ಕಾಯಿಲೆಯಾಗಿ ಸೇರಿಸಿತು. ಅದರಲ್ಲಿ ಸಾಮಾನು ತುಂಬಿ ತುಂಬಿ ಅಡುಗೆಮನೆ, ಮಂಚ ಕೂಡ ಬಳಸೋಕೆ ಆಗದ ಸ್ಥಿತಿ ಬರುತ್ತದೆ. ಇಲ್ಲಿರುವುದು ಒಂದು ಜೊತೆ ಶೂ. ತನಗಾಗಿ ತಾನೇ ಕೊಂಡ ವಸ್ತುವನ್ನು ಕೇಳದೆ ಕಸಕ್ಕೆ ಹಾಕಿದರೆ ಯಾರಾದರೂ ಓಡಿಹೋಗಿ ತರುತ್ತಾರೆ, ಅಲ್ವಾ?

ನನಗೆ ಆತಂಕ ಆಗಿದ್ದು ಬೇರೆ ಎರಡು ವಿಷಯಕ್ಕೆ. ಜಗಳ ಆದ ದಿನದಿಂದ ಅವರು ವಾಕಿಂಗ್ ಹೋಗಿಲ್ಲ. ಇನ್ನೊಂದು, ಪಾದ ಜೋಮು ಹಿಡಿಯುತ್ತೆ ಅಂತ ಮಾತಿನ ನಡುವೆ ಹೇಳಿದರು. ಸಕ್ಕರೆ ಕಾಯಿಲೆಯಲ್ಲಿ ನರಗಳು ಸೋತರೆ ಪಾದಕ್ಕೆ ನೋವೇ ತಿಳಿಯುವುದಿಲ್ಲ. ಸವೆದ ಅಟ್ಟೆಯೊಳಗೆ ಒಂದು ಕಲ್ಲು ಸೇರಿದರೂ ಹುಣ್ಣಾಗುವವರೆಗೆ ಗೊತ್ತಾಗದೆ ಇರಬಹುದು.

ಮಗನನ್ನು ಒಳಗೆ ಕರೆದು ಇದನ್ನು ಹೇಳಿದೆ. ಅವನ ಗಂಟಲು ಕಟ್ಟಿತು. “ತಾತನ ಕಾಲಿನ ಬೆರಳು ತೆಗೆದಿದ್ದನ್ನ ನೋಡಿದೀನಿ ಮೇಡಂ. ಅಮ್ಮಂಗೂ ಹಾಗಾಗಬಾರದು.” ಅಮ್ಮ ಅವನ ಕಡೆ ತಿರುಗಿದರು. “ಇದನ್ನ ನಂಗೆ ಹೇಳೋಕೇನಾಗಿತ್ತೋ?” ಇಷ್ಟು ದಿನ ಅವನ ಭಯ ಅವರಿಗೆ ಬರೀ ಸಿಟ್ಟಾಗಿ ಕಂಡಿತ್ತು.

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ಶೂ ಹಾಕುವುದನ್ನು ಬಿಡುವುದು ಬೇರೆ, ಮನೆಯಿಂದ ಕಳಿಸುವುದು ಬೇರೆ. ಮೊದಲನೆಯದು ಇವತ್ತೇ ಆಗಲಿ. ಎರಡನೆಯದಕ್ಕೆ ಆತುರ ಬೇಡ. ತೊಳೆದು ಒಣಗಿಸಿ, ಎಲ್ಲರಿಗೂ ಕಾಣುವ ಕಡೆ ಇಡಿ. ಅದನ್ನು ಬಚ್ಚಿಡುವಂಥ ತಪ್ಪು ನೀವೇನೂ ಮಾಡಿಲ್ಲ. ಯಾವಾಗ ಕಳಿಸಬೇಕು ಅನ್ನುವುದು ನಿಮ್ಮ ತೀರ್ಮಾನ. ಆದರೆ ತೂತು ಬಿದ್ದ ಶೂವನ್ನು ದಾನ ಅಂತ ಬೇರೆಯವರಿಗೆ ಕೊಡಬೇಡಿ. ಅವರ ಕಾಲೂ ಕಾಲೇ.

ಮೊದಲು ಡಾಕ್ಟರ ಹತ್ತಿರ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಹೊಸ ಶೂ ಕೊಳ್ಳೋಕೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಶುರುವಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ. ಬಿಚ್ಚಿದ ಮೇಲೆ ಎಲ್ಲಾದರೂ ಕೆಂಪಾಗಿದೆಯಾ ನೋಡಿ. ಹಾಕುವ ಮುಂಚೆ ಒಳಗೆ ಕೈ ಹಾಕಿ ಕೊಡವಿ. ಮನೆಯೊಳಗೆ ಬರಿಗಾಲು ಬೇಡ. ಎಂಸಿಆರ್ ಚಪ್ಪಲಿ (ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆ ರಬ್ಬರಿನದು) ಒಂದು ಜೊತೆ ಒಳಗಿನ ಓಡಾಟಕ್ಕೇ ಇರಲಿ.

ಮಗನಿಗೆ ಹೇಳಿದ್ದು: ನೀನು ತಂದ ಡಬ್ಬಿ ಅಂಗಡಿಗೆ ವಾಪಸ್ ಕೊಡು. ಅಮ್ಮನ ಜೊತೆ ಹೋಗು, ಆರಿಸುವುದು ಮಾತ್ರ ಅವರಿಗೇ ಬಿಡು. ದುಡ್ಡು ಯಾರು ಕೊಡಬೇಕು ಅನ್ನುವುದನ್ನೂ ಅವರನ್ನೇ ಕೇಳು.

ಮುಂದಿನ ಭೇಟಿಗೆ ಅವರು ಬೂದು ಬಣ್ಣದ ಹೊಸ ಶೂ ಹಾಕಿಕೊಂಡು ಬಂದರು. ಅರ್ಧ ದುಡ್ಡು ಅವರದು, ಅರ್ಧ ಮಗನದು. ಬೆಳಗಿನ ನಡಿಗೆ ಮತ್ತೆ ಶುರುವಾಗಿದೆ, ಸದ್ಯಕ್ಕೆ ಕೆರೆಯ ಅರ್ಧ ಸುತ್ತು. ಹಳೆಯದು ಇನ್ನೂ ಮನೆಯಲ್ಲೇ ಇದೆ. ದೀಪಾವಳಿಗೆ ಮನೆ ತೊಳೆಯುವಾಗ ನೋಡ್ತೀನಿ ಅಂದಿದ್ದಾರೆ. ಅಲ್ಲಿವರೆಗೆ ಆ ಮಾತು ಎತ್ತಬೇಡ ಅಂತ ಮಗನಿಗೆ ತಿಳಿಸಿದ್ದೇನೆ.