ಪೆಟ್ರೋಲಿಗೆ ಹಾಕುವ ಅಡಿಟಿವ್‌ನಿಂದ ಕಾರಿನ ಮೈಲೇಜ್ ನಿಜವಾಗಿಯೂ ಜಾಸ್ತಿ ಆಗುತ್ತದಾ? ಯಾವ ಬ್ರಾಂಡ್ ಒಳ್ಳೆಯದು?

ಯಾವ ಬ್ರಾಂಡೂ ಬೇಡ. ಎಂಟು ವರ್ಷದ ಗಾಡಿ, ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದದ್ದು 13ಕ್ಕೆ ಇಳಿದಿದೆ, ಕಾಸರಗೋಡಿನ ಬದಿಯಡ್ಕ ಕಡೆ ಓಡಾಟ ಅಂತ ಬರೆದಿದ್ದೀರಿ. ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಮನೆ ಪೆರ್ಲದ ಹತ್ತಿರ. ಸಣ್ಣ ಪೆಟ್ರೋಲ್ ಕಾರು. ದಿನಾ ಗುಡ್ಡ ಹತ್ತಿ ಇಳಿದು ಕುಂಬಳೆಗೆ ಹೋಗಿ ಬರುವ ಕೆಲಸ.

ಪೆಟ್ರೋಲ್ ಕರ್ನಾಟಕದಲ್ಲಿ ಕಡಿಮೆ ಅಂತ ಕೇರಳದ ಗಡಿಯಲ್ಲಿರುವ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2023ರ ಎಪ್ರಿಲಿನಲ್ಲಿ ಕೇರಳ ಸರಕಾರ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ ಮೇಲಂತೂ, ಮಂಗಳೂರಿಗೆ ಹೋದವರು ತಲಪಾಡಿ ಗಡಿಯ ಆಚೆಯೇ ಟ್ಯಾಂಕ್ ತುಂಬಿಸಿಕೊಂಡು ಬರುವುದು. ನಾನೂ ಹಾಗೆಯೇ ಮಾಡುತ್ತಿದ್ದೆ. ಮೈಲೇಜ್ ಬಿದ್ದ ಸಮಯದಲ್ಲಿ ಅಲ್ಲೇ ಒಂದು ಅಂಗಡಿಯಲ್ಲಿ 400 ರೂಪಾಯಿ ಕೊಟ್ಟು ಅಡಿಟಿವ್ ಬಾಟ್ಲಿ ತೆಗೆದುಕೊಂಡೆ. ಟ್ಯಾಂಕಿಗೆ ಸುರಿದು ಮೇಲಿಂದ ಫುಲ್ ಟ್ಯಾಂಕ್ ಹೊಡೆಸಿದೆ. 18 ಬಂತು!

ಆ 18ನ್ನು ನಂಬಿದ್ದೇ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಾಟ್ಲಿ ಕೊಳ್ಳುವ ಎಲ್ಲರೂ ಎಡವುವುದು ಇಲ್ಲೇ. ಆ ವಾರ ನನಗೆ ಸುರತ್ಕಲ್‌ನಲ್ಲಿ ಕೆಲಸವಿತ್ತು. ಓಡಿದ್ದೆಲ್ಲ ಹೆಚ್ಚಾಗಿ ಹೈವೇಯಲ್ಲಿ. ಐದನೇ ಗೇರ್, ಒಂದೇ ವೇಗ, ಬ್ರೇಕ್ ಮುಟ್ಟುವುದು ಅಪರೂಪ. ಊರಿನ ರಸ್ತೆಯಲ್ಲಾದರೆ ಎರಡು, ಮೂರನೇ ಗೇರ್ ಬಿಟ್ಟು ಮೇಲೆ ಹೋಗುವುದೇ ಕಷ್ಟ. ಅಂದರೆ ಊರಿನ ರಸ್ತೆಯ ಲೆಕ್ಕವನ್ನು ಹೈವೇಯ ಲೆಕ್ಕದ ಜೊತೆ ಹೋಲಿಸಿದ್ದೆ. ಅದೂ ಸಾಲದು ಅಂತ, ಮಳೆ ತಂಪಿಗೆ ಏಸಿ ಆಫ್ ಇತ್ತು. ಬಾಟ್ಲಿ ಹಾಕಿದ ಮೇಲೆ ಮೈಲೇಜ್ ನೋಡುವ ಆಸೆಗೆ ನನ್ನ ಕಾಲೂ ಆಕ್ಸಿಲರೇಟರ್ ಮೇಲೆ ಹಗುರವಾಗಿತ್ತು. ಇನ್ನು ಪಂಪು. ಮೊದಲ ಸಲ ಬಾಯಿ ತನಕ ತುಂಬಿಸಿದ್ದರು, ಮುಂದಿನ ಸಲ ಬೇರೆ ಪಂಪಿನಲ್ಲಿ ನಾಝಲ್ ಕಟ್ ಆದ ಕೂಡಲೇ ನಿಲ್ಲಿಸಿದ್ದರು. ಒಂದೆರಡು ಲೀಟರಿನ ವ್ಯತ್ಯಾಸ ಅಲ್ಲೇ ಬರುತ್ತದೆ. ಬಾಟ್ಲಿ ಇಲ್ಲದಿದ್ದರೂ ಆ ವಾರ 18 ಬರುತ್ತಿತ್ತು. ನಾನು ಎಲ್ಲದರ ಪುಣ್ಯವನ್ನೂ ಬಾಟ್ಲಿಗೆ ಕೊಟ್ಟೆ.

ಊರಿಗೆ ಬಂದ ಮೇಲೆ ಮತ್ತೆ 13. ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಈ ಸಲದ ಬಾಟ್ಲಿ ಸರಿ ಇಲ್ಲ ಅಂತ ಬ್ರಾಂಡ್ ಬದಲಾಯಿಸುತ್ತಾ ಹೋದೆ. ನೀವೀಗ ಯಾವ ಬ್ರಾಂಡ್ ಅಂತ ಕೇಳುತ್ತಿದ್ದೀರಲ್ಲ, ಆ ಪ್ರಶ್ನೆಯಲ್ಲೇ ನನ್ನ ತಿಂಗಳುಗಟ್ಟಲೆ ಸಮಯ ಹೋಯಿತು.

ನಿಜವಾದ ಕಾಯಿಲೆ ಬೇರೆ ಇತ್ತು. ಹಿಂದಿನ ಬೇಸಿಗೆಯಲ್ಲಿ ಚಡಾವು ಹತ್ತುವಾಗ ಇಂಜಿನ್ ಬಿಸಿಯಾಗಿ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. "ವಾಲ್ವ್ ತೆಗೆದುಬಿಡುವಾ ಅಣ್ಣ, ನಮ್ಮ ಊರಿನ ಸೆಕೆಗೆ ಅದು ಬೇಡ" ಅಂದರು. ಆಯಿತು ಅಂದೆ. ಅವರು ತೆಗೆದದ್ದು ಥರ್ಮೋಸ್ಟಾಟ್ ವಾಲ್ವ್. ಇಂಜಿನ್ ಬಿಸಿಯಾಗುವ ತನಕ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಅದನ್ನು ಆರಿಸುವ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಹೆಚ್ಚಿನ ಗಾಡಿಗಳಲ್ಲಿ 80 ಡಿಗ್ರಿ ದಾಟಿದ ಮೇಲೆಯೇ ಅದು ಬಾಯಿ ತೆರೆಯುವುದು. ಅದನ್ನು ತೆಗೆದರೆ ಕೂಲೆಂಟ್ ಮೊದಲಿನಿಂದಲೇ ರೇಡಿಯೇಟರಿನಲ್ಲಿ ಸುತ್ತುತ್ತಾ ಇರುತ್ತದೆ, ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಕುಡಿಯುವ ಲೆಕ್ಕದಲ್ಲೇ ನನ್ನ ಗಾಡಿ ದಿನವಿಡೀ ಪೆಟ್ರೋಲ್ ಕುಡಿಯುತ್ತಿತ್ತು.

ಗಾಡಿ ಅದನ್ನು ಹೇಳುತ್ತಲೂ ಇತ್ತು. ಬಿಸಿ ತೋರಿಸುವ ಮುಳ್ಳು ಇಲ್ಲದ ಸಣ್ಣ ಕಾರುಗಳಲ್ಲಿ ಸ್ಟಾರ್ಟ್ ಮಾಡಿದಾಗ ಒಂದು ನೀಲಿ ದೀಪ ಉರಿದು, ಇಂಜಿನ್ ಬಿಸಿಯಾದ ಮೇಲೆ ಆರುತ್ತದೆ, ಅಲ್ವಾ? ನನ್ನದರಲ್ಲಿ ಮಳೆಯಲ್ಲಿ ಇಳಿಜಾರು ಇಳಿಯುವಾಗ ಆ ದೀಪ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಕೆಂಪು ಅಲ್ಲವಲ್ಲ, ತೊಂದರೆ ಇಲ್ಲ ಅಂದುಕೊಂಡಿದ್ದೆ.

ಕೊನೆಗೆ ಚೆಕ್ ಇಂಜಿನ್ ದೀಪ ಬಂತು. ಪುತ್ತೂರಿನಲ್ಲಿ ಬೇರೊಬ್ಬ ಮೆಕ್ಯಾನಿಕ್ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು. ಪಿ0128 ಅಂತ ಕೋಡ್ ಬಂತು, ಕೂಲೆಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ ಅರ್ಥ. ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ತುದಿಯೆಲ್ಲ ಕಪ್ಪಗೆ. ಬೆರಳಲ್ಲಿ ಒರೆಸಿದರೆ ಒಣ ಮಸಿ ಅಂಟಿತು. ಸರಿಯಾಗಿ ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳು ಮಾಡಿತ್ತು. ಹೊಸ ವಾಲ್ವಿಗೆ ಸಾವಿರ ರೂಪಾಯಿಯೂ ಆಗಲಿಲ್ಲ. ಕನ್ವರ್ಟರಿಗೆ 30 ಸಾವಿರದ ಹತ್ತಿರ ಆಯಿತು. ಬಾಟ್ಲಿ ನಂಬಿಕೊಂಡು ಕೂರದೆ ಮೊದಲೇ ತೋರಿಸಿದ್ದರೆ ಕನ್ವರ್ಟರ್ ಉಳಿಯುತ್ತಿತ್ತು ಅಂದರು ಅವರು. ವಾಲ್ವ್ ಹಾಕಿದ ಮೇಲೆ ಅದೇ ಗುಡ್ಡದ ರಸ್ತೆಯಲ್ಲಿ ಮೈಲೇಜ್ 16ಕ್ಕೆ ಬಂತು.

ಇನ್ನು ಬಾಟ್ಲಿಯ ವಿಷಯ. 35 ಲೀಟರ್ ಟ್ಯಾಂಕಿಗೆ 300 ಎಂಎಲ್ ಸುರಿದರೆ ಅದು 100ಕ್ಕೆ ಒಂದು ಪಾಲೂ ಆಗುವುದಿಲ್ಲ. ಅಷ್ಟರಲ್ಲಿ ಎಷ್ಟು ಶಕ್ತಿ ಇರಲು ಸಾಧ್ಯ? ಚೆನ್ನಾಗಿರುವ ಇಂಜಿನ್‌ನಲ್ಲಿ ಪೆಟ್ರೋಲ್ ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ, ಇನ್ನೂ ಚೆನ್ನಾಗಿ ಉರಿಸಲು ಅಲ್ಲಿ ಉಳಿದದ್ದೇ ಇಲ್ಲ. ದುಡ್ಡಿನ ಲೆಕ್ಕ ನೋಡಿ. ಲೀಟರಿಗೆ 105 ಅಂತ ಹಿಡಿದರೆ 35 ಲೀಟರಿಗೆ 3,675 ರೂಪಾಯಿ. 400ರ ಬಾಟ್ಲಿಯ ಅಸಲು ಹುಟ್ಟಬೇಕಾದರೇ ಮೈಲೇಜ್ 100ಕ್ಕೆ 11ರಷ್ಟು ಏರಬೇಕು. ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಮೈಲೇಜ್ ಹೆಚ್ಚಿಸುತ್ತದೆ ಅಂತ ಮಾರುವ 100ಕ್ಕೂ ಹೆಚ್ಚು ವಸ್ತುಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಷ್ಟು ಹೆಚ್ಚಿಸುವಂಥದ್ದು ಒಂದೂ ಸಿಗಲಿಲ್ಲ. ಆಕ್ಟೇನ್ ಬೂಸ್ಟರ್ ಎಂಬ ಬಾಟ್ಲಿ ಅಂತೂ ಇಂಜಿನ್ ನಾಕ್ ಆಗದಂತೆ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಟಕಟಕ ಸದ್ದಾಗದಂತೆ) ತಡೆಯಲು ಇರುವುದು, ಮೈಲೇಜಿಗಲ್ಲ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಿಜವಾಗಿ ಕಟ್ಟಿದ್ದರೆ ಪಿಇಎ ಎಂಬ ಕೊಳೆ ತೆಗೆಯುವ ರಾಸಾಯನಿಕ ಇರುವ ಕ್ಲೀನರ್ ಕೆಲಸ ಮಾಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ಕೊಡುವುದು ಕೊಳೆಯಿಂದ ಕಳೆದುಹೋದ ಮೈಲೇಜನ್ನು ಮಾತ್ರ.

ಎಲ್ಲಾ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಅಂತ ನಿಮಗೆ ಯಾರೋ ಹೇಳಿದ್ದಾರಂತೆ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇರುವುದು ನಿಜ. 100ಕ್ಕೆ 20 ಪಾಲು ಬೆರೆಸಿದರೆ ಮೈಲೇಜ್ ಇಳಿಯುತ್ತದೆ, ಹಳೆಯ ಗಾಡಿಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಅದರಿಂದ 17 ಇದ್ದದ್ದು 16 ಆಗಬಹುದು, 13 ಆಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಏನೋ ಕೆಟ್ಟಿದೆ.

ಒಂದೇ ಪಂಪಿನಲ್ಲಿ, ನಾಝಲ್ ತಾನಾಗಿ ಕಟ್ ಆಗುವ ತನಕ ತುಂಬಿಸಿ, ದಿನಾ ಹೋಗುವ ರಸ್ತೆಯಲ್ಲೇ ಓಡಿಸಿ, ಮತ್ತೆ ಅಲ್ಲೇ ತುಂಬಿಸಿ ಲೆಕ್ಕ ಹಾಕಿ. 500, ಸಾವಿರ ಅಂತ ಹಾಕಿಸಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಟಯರ್ ಗಾಳಿ ನೋಡಿಸಿ. ಸ್ವಲ್ಪ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಒಂದರಲ್ಲಿ ಮಾತ್ರ ಬಿಸಿ ಜಾಸ್ತಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಆಮೇಲೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಅರ್ಧ ಗಂಟೆ ಓಡಿದ ಗಾಡಿಯಲ್ಲಿ ಕೂಲೆಂಟ್ ಎಷ್ಟು ಡಿಗ್ರಿ ಇದೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸರಿ ಇದೆಯಾ ಅಂತ ನೋಡಿಸಿ. ಕೂಲೆಂಟ್ 60, 65ರಲ್ಲೇ ನಿಂತಿದ್ದರೆ ವಾಲ್ವ್ ಜಾಗದಲ್ಲಿದೆಯಾ ಅಂತ ಬಿಚ್ಚಿಸಿಯೇ ನೋಡಿ. ಹಿಂದೆ ಯಾರಾದರೂ ತೆಗೆದಿದ್ದರೆ ಬಿಲ್ಲಿನಲ್ಲಿ ಅದು ಬರೆದಿರುವುದಿಲ್ಲ.