ಉಂಗುರ ಇಲ್ಲದ ಬೆರಳು

ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಡ್ಯಾನ್ ಮರೀನೊ ಅವರನ್ನು ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡು ಎಸೆದು ತಂಡದ ಆಟ ನಡೆಸುವವರ) ಸಾಲಿಗೆ ಸೇರಿಸಿದ್ದೀರಿ. ಸದ್ಯ ನಾನು ಟ್ಯಾಂಪಾದಲ್ಲಿ ಮಗನ ಮನೆಯಲ್ಲಿದ್ದೇನೆ. ಹನ್ನೆರಡು ವರ್ಷದ ಮೊಮ್ಮಗನಿಗೆ ಅದನ್ನು ಓದಿ ಹೇಳಿದರೆ ಬಿದ್ದು ಬಿದ್ದು ನಕ್ಕ. ‘ಅವರ ಹತ್ತಿರ ಒಂದೂ ಸೂಪರ್ ಬೌಲ್ ಉಂಗುರ ಇಲ್ಲ ಅಜ್ಜಾ, ಟಾಮ್ ಬ್ರೇಡಿ ಹತ್ತಿರ ಏಳಿದೆ’ ಅಂದ. ಸೂಪರ್ ಬೌಲ್ ಅಂದರೆ ಅಲ್ಲಿನ ಲೀಗಿನ ವರ್ಷದ ಫೈನಲ್, ಗೆದ್ದ ತಂಡದವರಿಗೆ ಉಂಗುರ ಕೊಡುತ್ತಾರೆ. ಹದಿನೇಳು ವರ್ಷ ಆಡಿ ಒಮ್ಮೆಯೂ ಗೆಲ್ಲದವರು ದೊಡ್ಡವರು ಹೇಗಾದಾರು?
— ಹಳೆಯ ಚಂದಾದಾರ, ದಾವಣಗೆರೆ (ಸದ್ಯ ಫ್ಲೋರಿಡಾ)

ಉತ್ತರ: ಮೊದಲಿಗೆ ಮೊಮ್ಮಗನ ಬೆನ್ನು ತಟ್ಟಿ. ಅವನ ಲೆಕ್ಕ ಸರಿ ಇದೆ. 2000ದ ಆಯ್ಕೆಯಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್) 199ನೆಯವರಾಗಿ ಬಂದ ಬ್ರೇಡಿ ಏಳು ಸಲ ಗೆದ್ದರು. ಕೊನೆಯದನ್ನು ನೀವು ಈಗ ಇರುವ ಊರಿನ ತಂಡಕ್ಕೇ ಗೆದ್ದುಕೊಟ್ಟರು, 43ನೇ ವಯಸ್ಸಿನಲ್ಲಿ. ದೊಡ್ಡ ಆಟಗಾರ, ಎರಡು ಮಾತಿಲ್ಲ.

ಇನ್ನು ನಿಮ್ಮ ವಿಚಾರಕ್ಕೆ ಬರೋಣ. ‘ಒಮ್ಮೆಯೂ ಗೆಲ್ಲದವರು’ ಅಂತ ಬರೆದಿದ್ದೀರಲ್ಲ, ಸ್ವಾಮಿ, ಲೀಗ್ ಪಂದ್ಯಗಳಲ್ಲೇ ಮರೀನೊ 147 ಗೆದ್ದಿದ್ದಾರೆ. ಒಂದು ಫೈನಲ್ ಸೋತದ್ದಕ್ಕೆ ಉಳಿದದ್ದೆಲ್ಲ ಹೊಳೆಗೆ ಹಾಕೋದಾ?

ಪಿಟ್ಸ್‌ಬರ್ಗಿನ ಹುಡುಗ. ಅದೇ ಊರಿನ ವಿಶ್ವವಿದ್ಯಾಲಯಕ್ಕೆ ಆಡಿ, 1983ರಲ್ಲಿ ಆಯ್ಕೆಗೆ ಬಂದರು. ಆ ವರ್ಷದ ಮೊದಲ ಸುತ್ತಿನಲ್ಲಿ ತಂಡಗಳು ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿಕೊಂಡವು. ಆರನೆಯವರು ಮರೀನೊ, ಒಟ್ಟಾರೆ 27ನೆಯವರು. ಮಯಾಮಿ ಡಾಲ್ಫಿನ್ಸ್ ಕೋಚ್ ಡಾನ್ ಶೂಲಾ ಅವರಿಗೆ ಲಾಟರಿ ಹೊಡೆದ ಹಾಗಾಯಿತು. ಮರುವರ್ಷವೇ ಈ ಹುಡುಗ 5,084 ಗಜ ಎಸೆದರು. ಒಂದೇ ಋತುವಿನಲ್ಲಿ ಐದು ಸಾವಿರ ದಾಟಿದ್ದು ಅವರೇ ಮೊದಲು. ಟಚ್‌ಡೌನ್ ಎಸೆತ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತಂದ ಎಸೆತ, 48. ಅಲ್ಲಿವರೆಗಿನ ದಾಖಲೆ ಎಷ್ಟಿತ್ತು ಗೊತ್ತಾ? 36. ಹಳೆಯ ದಾಖಲೆಯನ್ನು ಒಂದೋ ಎರಡೋ ಹೆಚ್ಚು ಮಾಡಿ ಮುರಿಯುವುದು ರೂಢಿ. ಇವರು ಒಂದು ಡಜನ್ ಹೆಚ್ಚು ಮಾಡಿದರು. ಆ 48 ಮುರಿಯಲು 2004 ಬರಬೇಕಾಯಿತು, 5,084 ಮುರಿಯಲು 2011. ಅಷ್ಟರಲ್ಲಿ ಎಸೆಯುವವರಿಗೆ, ಹಿಡಿಯುವವರಿಗೆ ನಿಯಮಗಳೂ ಸಡಿಲವಾಗಿದ್ದವು.

ನಾನು ಅವರ ಆಟ ನೋಡಿದ್ದು 1994ರ ನವೆಂಬರ್ 27ರಂದು, ನ್ಯೂಜೆರ್ಸಿಯ ಭಾವನ ಮನೆಯ ಟೀವಿಯಲ್ಲಿ. ಭಾವ ಅಂದಿನ ಎದುರಾಳಿ ನ್ಯೂಯಾರ್ಕ್ ಜೆಟ್ಸ್ ತಂಡದ ಅಭಿಮಾನಿ. ಜೆಟ್ಸ್ ಒಂದು ಹಂತದಲ್ಲಿ 24-6 ಮುಂದಿತ್ತು. ಭಾವ ಸೋಫಾದಲ್ಲಿ ಕಾಲು ಚಾಚಿ, ನನಗೆ ಆಟದ ಪಾಠ ಹೇಳುತ್ತಿದ್ದರು. ಮರೀನೊ ನಿಧಾನಕ್ಕೆ 24-21ಕ್ಕೆ ತಂದರು. ಅರ್ಧ ನಿಮಿಷವೂ ಉಳಿದಿಲ್ಲ, ಚೆಂಡು ಗೆರೆಯಿಂದ ಎಂಟು ಗಜ ದೂರ. ಗಡಿಯಾರ ಓಡುತ್ತಿದೆ. ಹೀಗಾದಾಗ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬೇಕೆಂದೇ ನೆಲಕ್ಕೆ ಕುಕ್ಕುತ್ತಾರೆ, ಗಡಿಯಾರ ನಿಲ್ಲುತ್ತದೆ. ಮರೀನೊ ‘ಕ್ಲಾಕ್! ಕ್ಲಾಕ್!’ ಅಂತ ಕೂಗುತ್ತಾ, ಕೈಯಲ್ಲಿ ಕುಕ್ಕುವ ಸನ್ನೆ ಮಾಡುತ್ತಾ ಬಂದರು. ‘ಈಗ ನಿಲ್ಲಿಸ್ತಾರೆ, ಒಂದ್ನಿಮಿಷ ಇರು’ ಅಂತ ಭಾವ ಕೋಡುಬಳೆ ಡಬ್ಬ ತರಲು ಎದ್ದರು. ಜೆಟ್ಸ್‌ನವರೂ ಮನಸ್ಸಿನಲ್ಲಿ ಕೋಡುಬಳೆಗೇ ಎದ್ದಿದ್ದರು ಅಂತ ಕಾಣುತ್ತೆ, ಮೈ ಸಡಿಲ ಬಿಟ್ಟು ನಿಂತಿದ್ದರು. ಚೆಂಡು ಕೈಗೆ ಬಂತು. ಮರೀನೊ ಕುಕ್ಕಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಬಲ ಮೂಲೆಯಲ್ಲಿದ್ದ ಜೊತೆಗಾರ ಮಾರ್ಕ್ ಇಂಗ್ರಮ್‌ಗೆ ಸುಯ್ಯೆಂದು ಬಿಟ್ಟರು. ಟಚ್‌ಡೌನ್. ಗಡಿಯಾರದಲ್ಲಿ 22 ಸೆಕೆಂಡು. 28-24. ಭಾವ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಪಾಪ, ಅವರ ಜೆಟ್ಸ್ ಆ ವರ್ಷ ಆಮೇಲೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಇದು ನಡೆದದ್ದು ಮರೀನೊ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ ಮರುವರ್ಷ, ನೆನಪಿರಲಿ. ಮೊದಲಿನಿಂದಲೂ ಅವರದು ಓಡುವ ಕಾಲಲ್ಲ, ಇದ್ದದ್ದೆಲ್ಲ ಕೈಯಲ್ಲಿ. ಚೆಂಡು ಕಿವಿಯ ಪಕ್ಕಕ್ಕೆ ಬಂತು ಅನ್ನುವಷ್ಟರಲ್ಲಿ ಹೋಗಿರುತ್ತಿತ್ತು. ಎದುರಾಳಿ ಮೈಮೇಲೆ ಬೀಳುವಾಗ ಕೈ ಖಾಲಿ.

ಸರಿ, ಉಂಗುರ. 1985ರ ಜನವರಿ 20, ಸ್ಟ್ಯಾನ್‌ಫರ್ಡ್ ಮೈದಾನ. ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಎದುರು 38-16ರ ಸೋಲು. ಈ ಆಟದಲ್ಲಿ ಚೆಂಡು ನಮ್ಮ ಕಡೆ ಇದ್ದಾಗ ಆಡುವ ಹನ್ನೊಂದು ಜನ ಬೇರೆ, ಎದುರಾಳಿ ಕಡೆ ಇದ್ದಾಗ ತಡೆಯುವ ಹನ್ನೊಂದು ಜನ ಬೇರೆ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನ ಮಯಾಮಿಯ ರಕ್ಷಣೆಯನ್ನು ಚಿಂದಿ ಮಾಡುವಾಗ ಮರೀನೊ ಹೆಲ್ಮೆಟ್ ತೆಗೆದು ಬೆಂಚಿನ ಹತ್ತಿರ ನಿಂತು ನೋಡಬೇಕು, ಅಷ್ಟೆ. ಅವರ ತಂಡ ಅಂದು ಚೆಂಡು ಹಿಡಿದು ಓಡಿದ್ದು ಒಟ್ಟು 25 ಗಜ. ಉಳಿದದ್ದಕ್ಕೆಲ್ಲ ಇವರೇ 50 ಸಲ ಎಸೆಯಬೇಕಾಯಿತು. ಎರಡು ಎಸೆತ ಎದುರಾಳಿ ಕೈ ಸೇರಿತು, ಅದನ್ನು ಮುಚ್ಚಿಡುವುದಿಲ್ಲ. ಅದಾದ ಮೇಲೆ ಒಂದು ತಂಪು ಪಾನೀಯದ ಜಾಹೀರಾತಿನಲ್ಲಿ ಮೊಂಟಾನ ಇವರಿಗೆ ಡ್ರಿಂಕ್ ಕೊಡಿಸುತ್ತಾರೆ. ಮುಂದಿನ ವರ್ಷ ನಾನು ಕೊಡಿಸ್ತೀನಿ ಅನ್ನುತ್ತಾರೆ ಮರೀನೊ. ಆಗ ವಯಸ್ಸು 23. ಮತ್ತೆ ಸೂಪರ್ ಬೌಲಿಗೆ ಹೋಗಲೇ ಇಲ್ಲ.

ಹದಿನೇಳು ವರ್ಷದಲ್ಲಿ ಒಂದು ಋತುವಿಗೆ ಸಾವಿರ ಗಜ ಓಡುವ ಜೊತೆಗಾರ ಅವರಿಗೆ ಸಿಕ್ಕಿದ್ದು ಒಂದೇ ಸಲ, 1996ರಲ್ಲಿ. ಮೊಮ್ಮಗನ ಲೆಕ್ಕದಲ್ಲಿ ಟ್ರೆಂಟ್ ಡಿಲ್ಫರ್ ಅನ್ನುವ ಕ್ವಾರ್ಟರ್‌ಬ್ಯಾಕ್ ಇವರಿಗಿಂತ ದೊಡ್ಡವರಾಗಬೇಕು. ಬಾಲ್ಟಿಮೋರಿನ ಕಬ್ಬಿಣದ ಕೋಟೆಯಂಥ ರಕ್ಷಣೆಯ ಜೊತೆ ಅವರು 2001ರ ಜನವರಿಯಲ್ಲಿ ಉಂಗುರ ಗೆದ್ದರು. ಗೆದ್ದ ವರ್ಷವೇ ತಂಡ ಅವರನ್ನು ಬಿಟ್ಟು ಬೇರೆಯವರನ್ನು ತಂದಿತು! ಉಂಗುರ ಕೊಟ್ಟವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ, ಅಲ್ವಾ?

ನಮ್ಮಲ್ಲೂ ಇದೇ ರೋಗ. 1999ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ರನ್ ಹೊಡೆದವರು ನಮ್ಮ ದ್ರಾವಿಡ್, 461. ಭಾರತ ಸೆಮಿಫೈನಲಿಗೂ ಹೋಗಲಿಲ್ಲ. ಆಟಗಾರನಾಗಿ ಅವರು ವಿಶ್ವಕಪ್ ಮುಟ್ಟಲಿಲ್ಲ ಅಂತ ಯಾರಾದರೂ ನಕ್ಕರೆ ದಾವಣಗೆರೆಯಲ್ಲಿ ನೀವು ಸುಮ್ನೆ ಇರ್ತಿದ್ರಾ?

ಆಟ ಬಿಡಿ. ಮೊನ್ನೆ ಒಂದು ಸಮಾರಂಭಕ್ಕೆ ನನ್ನನ್ನು ಕರೆದಿದ್ದರು. ಸಂಘಟಕರ ಕಡೆಯ ಹುಡುಗ ಫೋನ್ ಮಾಡಿ, ‘ಸರ್, ನಿಮ್ಮ ಪ್ರಶಸ್ತಿಗಳ ಪಟ್ಟಿ ವಾಟ್ಸ್ಆ್ಯಪ್ ಮಾಡಿ’ ಅಂದ. ಇಲ್ಲಪ್ಪ ಅಂದೆ. ಸ್ವಲ್ಪ ಹೊತ್ತು ಮೌನ. ‘ಶಾಲೆಯಲ್ಲಿ ಬಂದದ್ದಾದ್ರೂ ಪರವಾಗಿಲ್ಲ ಸರ್.’ ಮೂವತ್ತು ವರ್ಷದ ಸಂಚಿಕೆಗಳಿವೆಯಲ್ಲ ಮಾರಾಯ, ಒಂದಾದರೂ ತೆರೆದು ನೋಡಿದ್ದೀಯಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ವೇದಿಕೆಯಲ್ಲಿ ನನ್ನ ಪರಿಚಯ ಎರಡೇ ವಾಕ್ಯಕ್ಕೆ ಮುಗಿಯಿತು. ಪಕ್ಕದವರದು ಹನ್ನೊಂದು ನಿಮಿಷ, ಎಲ್ಲ ಪ್ರಶಸ್ತಿಗಳೇ. ಅವರು ಏನು ಬರೆದಿದ್ದಾರೆ ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ.

ಮರೀನೊ ಅವರ ಕೊನೆಯ ಪಂದ್ಯವೂ ಚೆನ್ನಾಗಿರಲಿಲ್ಲ. 2000ದ ಜನವರಿಯಲ್ಲಿ ಜಾಕ್ಸನ್‌ವಿಲ್ ಎದುರು 62-7. ಬೇರೆ ತಂಡದವರು ಕರೆದರೂ ಹೋಗದೆ ಆಟ ಬಿಟ್ಟರು. 61,361 ಗಜ, 420 ಟಚ್‌ಡೌನ್, ಎಲ್ಲವೂ ಒಂದೇ ತಂಡಕ್ಕೆ. 2005ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, ಉಂಗುರ ಕೇಳಲಿಲ್ಲ.

ಮೊಮ್ಮಗನ ಜೊತೆ ಕೂತು 1985ರ ಡಿಸೆಂಬರ್ 2ರ ಆಟ ನೋಡಿ. ಆ ವರ್ಷದ ಶಿಕಾಗೊ ಬೇರ್ಸ್ ಸೋತದ್ದು ಅದೊಂದೇ ಪಂದ್ಯ, ಸೋಲಿಸಿದ್ದು ಮರೀನೊ ಅವರ ಡಾಲ್ಫಿನ್ಸ್. ಮೊದಲರ್ಧ ಮುಗಿಯುವವರೆಗೆ ಯಾರೂ ಅಡುಗೆಮನೆ ಕಡೆ ಎದ್ದು ಹೋಗಬೇಡಿ. ಅಂದ ಹಾಗೆ, ನಿಮ್ಮ ಚಂದಾ ಮಾರ್ಚ್‌ನಲ್ಲೇ ಮುಗಿದಿದೆ. ಪತ್ರಿಕೆ ಕಳಿಸುತ್ತಲೇ ಇದ್ದೇವೆ.

— ಸಂ.