ಒಂದೇ ಸಿಲಿಂಡರ್ ಇದ್ದೂ ಬ್ರಿಟನ್‌ನ ಹಳೇ ಬೈಕ್ ಬಿಎಸ್‌ಎ ಗೋಲ್ಡ್ ಸ್ಟಾರ್ ಅಷ್ಟು ವೇಗವಾಗಿ ಓಡುತ್ತಿದ್ದದ್ದು ಹೇಗೆ?
ನೀವು ಕೇಳಿದ್ದು 1956ರಲ್ಲಿ ಬಂದ ಡಿಬಿಡಿ34 ಮಾಡೆಲ್ ಬಗ್ಗೆ ಅಂದುಕೊಳ್ಳುತ್ತೇನೆ. ಹೌದು, ಅದು ಗಂಟೆಗೆ ಸುಮಾರು 110 ಮೈಲಿ, ಅಂದ್ರೆ 177 ಕಿ.ಮೀ. ಹತ್ತಿರ ಮುಟ್ಟುತ್ತಿತ್ತು.

ಎಂಜಿನ್ 499 ಸಿಸಿ, ಎರಡೇ ವಾಲ್ವ್, ಅವನ್ನು ತೆರೆಯುವುದು ಪುಶ್‌ರಾಡ್ ಅನ್ನೋ ಉದ್ದ ಕಡ್ಡಿಗಳು. ನಮ್ಮ ಹಳೇ ಬುಲೆಟ್ ಕೂಡ ಇದೇ ಜಾತಿಯದು ಅಲ್ವಾ, ಆದರೆ ಬುಲೆಟ್ ನಿಧಾನವಾಗಿ ಎಳೆಯುವುದಕ್ಕೆ ಮಾಡಿದ್ದು, ಇದು ವೇಗಕ್ಕೆ, ರೇಸಿಗೆ. ಸಿಲಿಂಡರಿನ ಬ್ಯಾರೆಲ್, ಅದರ ಮೇಲಿನ ಹೆಡ್ ಎರಡೂ ಅಲ್ಯೂಮಿನಿಯಂ, ಹಾಗಾಗಿ ತೂಕ ಕಡಿಮೆ, ಬಿಸಿ ಬೇಗ ಹೊರಗೆ ಹೋಗುತ್ತದೆ. ಒಂದೂವರೆ ಇಂಚು ಬಾಯಿಯ, ಅಮಲ್ ಕಂಪನಿಯ ಜಿಪಿ ಕಾರ್ಬ್ಯುರೇಟರ್ ಜಾಸ್ತಿ ಗಾಳಿ, ಪೆಟ್ರೋಲ್ ಒಳಗೆ ಬಿಡುತ್ತದೆ, ಅದರಿಂದಲೇ ಸುಮಾರು 40 ಹಾರ್ಸ್‌ಪವರ್. ಇದರಿಂದಾಗುವ ತೊಂದರೆ ಊರೊಳಗೆ ಗೊತ್ತಾಗುತ್ತದೆ: ನಿಂತಾಗ ಎಂಜಿನ್ ತಾನಾಗೇ ನೆಟ್ಟಗೆ ಓಡುತ್ತಿರುವುದಿಲ್ಲ (ಐಡಲ್ ಆಗುವುದಿಲ್ಲ), ಸಿಗ್ನಲ್‌ನಲ್ಲಿ ನಿಂತರೂ ಆಕ್ಸಿಲರೇಟರ್ ತಿರುವುತ್ತಲೇ ಇರಬೇಕು.

ನನಗೆ ತುಂಬಾ ಇಷ್ಟ ಆಗುವುದು ಆರ್‌ಆರ್‌ಟಿ2 ಗೇರ್‌ಬಾಕ್ಸ್. ನಾಲ್ಕೂ ಗೇರ್ ಒಂದಕ್ಕೊಂದು ಹತ್ತಿರ, ಗೇರ್ ಬದಲಿಸಿದಾಗ ಆರ್‌ಪಿಎಂ ಬೀಳುವುದೇ ಕಮ್ಮಿ, ಮೊದಲ ಗೇರ್‌ನಲ್ಲೇ ಗಂಟೆಗೆ 60 ಮೈಲಿ ಹತ್ತಿರ ಹೋಗಬಹುದು. ಅದಕ್ಕೇ ಹೊರಡುವಾಗ ಕ್ಲಚ್ಚನ್ನು ತುಂಬಾ ಹೊತ್ತು ಅರ್ಧ ಹಿಡಿದೇ ಇರಬೇಕು.

ಸ್ಟಾರ್ಟ್ ಮಾಡುವುದಕ್ಕೂ ಕ್ರಮ ಇದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಟೈಮಿಂಗ್ ಲಿವರನ್ನು, ಕಿಡಿ ತಡವಾಗಿ ಬರುವ ಹಾಗೆ ಹಿಂದಕ್ಕಿಡದೆ ಸುಮ್ನೆ ಒದ್ದರೆ ಕಿಕ್ಕರ್ ವಾಪಸ್ ಕಾಲಿಗೆ ಹೊಡೆಯುತ್ತದೆ.